ಎರೆಗುಂದಿ ಅಜ್ಜನನ್ನು ಎಬ್ಬಿಸಿದ್ದು

ಮಠದ ಹೊಲದಲ್ಲಿ ಯಾರೋ ಗೂಟ ಬಡಿಯುತ್ತಿದ್ದಾರೆಂದು ಓಬಳೆಪ್ಪ ಬಂದು ಹೇಳಿದಾಗ ಮಾರೆವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿದ್ದುದನ್ನು ತಿರುವಿ ಹಾಕಿ, ಉಬ್ಬಿದ ಮೇಲೆ ಬುಟ್ಟಿಗೆ ಎಸೆದು, ಕೈಗಂಟಿದ ಹಿಟ್ಟು ಉದುರಿಸಿಕೊಳ್ಳುತ್ತ ಎದ್ದಳು. ಓಬಳೆಪ್ಪ ಆ ಹೊಲವನ್ನು ಪಾಲಿಗೆ ಮಾಡುವವನು. ಅವನ ಅಪ್ಪನೂ ಅದನ್ನೇ ಮಾಡಿದ್ದ. ಸುಮ್ಮಸುಮ್ಮನೆ ಓಡಿಬರುವ ಮನುಷ್ಯನಲ್ಲ.

ಎರೆಗುಂದಿಯ ಮಠವೆಂದರೆ ದೊಡ್ಡದೇನೂ ಅಲ್ಲ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಹಳೆಯ ಹಾದಿಯ ಬದಿಗೆ ಎರಡು ಅಂಕಣದ ಮಣ್ಣಿನ ಮನೆ, ಒಂದು ಬೇವಿನ ಮರ, ಹಗಲೆಲ್ಲ ಹೊಗೆಯಾಡುವ ಅಡುಗೆಮನೆ, ಅದರ ಬೆನ್ನಿಗೆ ಕಪ್ಪು ಎರೆಯ ಹೊಲ. ಆನೆಗುಂದಿಯ ಅರಸನೊಬ್ಬ ಈ ಹಾದಿಯಲ್ಲಿ ಹಸಿದು ಬಂದು ಮಠದಲ್ಲಿ ಅಂಬಲಿ ಕುಡಿದನಂತೆ. ಹಾದಿಯವರು ಇಲ್ಲಿಂದ ಹಸಿದು ಹೋಗಬಾರದು ಎಂದು ಹೇಳಿ ಆ ಹೊಲವನ್ನು ಬಿಟ್ಟುಕೊಟ್ಟನಂತೆ. ಅರಸ ಹೋದ, ನಿಜಾಮ ಬಂದ. ನಿಜಾಮನ ಕಡೆಯವರು ಕುದುರೆ ಕಟ್ಟಿ ಉಂಡು ಹೋದರೇ ಹೊರತು ಹೊಲದ ತಂಟೆಗೆ ಬರಲಿಲ್ಲ ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಮಾರೆವ್ವ ಇದನ್ನೆಲ್ಲ ಕೇಳಿದ್ದಳು. ಆದರೆ ಅವಳ ಪಾಲಿಗೆ ಆ ಹೊಲವೆಂದರೆ ಒಂದೇ ಲೆಕ್ಕ: ಅದು ಬೆಳೆದರೆ ಒಲೆ ಉರಿಯುತ್ತದೆ.

ಹೋಗಿ ನೋಡಿದರೆ, ಹೂಬಿಟ್ಟ ಕಡಲೆಯ ನಡುವೆ ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡು ಸರ್ವೆಯವರು ನಿಂತಿದ್ದರು. ಕೆಂಪು ಬಣ್ಣ ಬಳಿದ ಕಟ್ಟಿಗೆ ಗೂಟಗಳು ಸಾಲುಗಟ್ಟಿ ಹೋಗಿದ್ದವು.

“ಯಾರ ಹೇಳ್ಯಾರಪಾ ನಿಮಗ, ಇಲ್ಲಿ ಗೂಟ ಬಡಿರಿ ಅಂತ?”

“ಸರಕಾರದ ಹುಕುಂ ಐತಬೇ” ಎಂದ ಅವರಲ್ಲಿ ಹಿರಿಯನಾದವನು. “ಈ ಫ್ಯಾನಿನ ಕರೆಂಟೆಲ್ಲಾ ಒಂದ ಕಡೆ ಬಂದು ಕೂಡಬೇಕಲ್ಲ, ಅದಕ್ಕ ಸ್ಟೇಷನ್ ಕಟ್ಟತಾರ.” ಅವನು ಕೈ ಮಾಡಿದ ಕಡೆ ದೂರದ ದಿಬ್ಬಗಳ ಮೇಲೆ ಬಿಳಿಯ ಗಾಳಿಫ್ಯಾನುಗಳು ತಿರುಗುತ್ತಿದ್ದವು. ಕೆಲವು ವರ್ಷಗಳಿಂದ ಅವು ಒಂದೊಂದಾಗಿ ಎದ್ದು ಈಗ ಎತ್ತ ನೋಡಿದರೂ ಅವೇ ಆಗಿದ್ದವು.

“ಇದು ಮಠದ ಹೊಲ.”

“ನಾವು ಅಳಿಯಾಕ ಬಂದವರು ಯವ್ವಾ. ಯಾರ ಹೊಲ ಅನ್ನೂದು ನಮಗ ಗೊತ್ತಿಲ್ಲ.”

ಮಾರೆವ್ವ ಬಗ್ಗಿ ಮೊದಲ ಗೂಟ ಕಿತ್ತಳು. ಎರಡನೆಯದನ್ನು ಕಿತ್ತಳು. ಕಾವಿ ಬಣ್ಣದ ಸೀರೆಯುಟ್ಟ ಮುದುಕಿಯ ಕೈ ಹಿಡಿಯಲು ಆ ಗಂಡಸರಿಗೆ ಮನಸ್ಸಾಗಲಿಲ್ಲ, ನಿಂತು ನೋಡಿದರು. ಅವಳು ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಒಲೆಗೆ ತುರುಕಿದಳು. ಬಣ್ಣ ಚಟಚಟ ಎಂದು ಉರಿಯಿತು. ಅದರ ಮೇಲೆಯೇ ಉಳಿದ ರೊಟ್ಟಿ ಬೇಯಿಸಿದಳು, ಪುಂಡಿಪಲ್ಯ ಬಿಸಿ ಮಾಡಿದಳು. ಆಮೇಲೆ ಬಾಗಿಲಲ್ಲಿ ನಿಂತು ಕೂಗಿದಳು:

“ಬರ್ರೆಪಾ, ಉಣ್ಣಾಕ ಬರ್ರಿ. ಬಿಸಲಾಗ ನಿಂತೀರಿ.”

ಅವರು ಮುಖ ಮುಖ ನೋಡಿಕೊಂಡು ಬಂದರು. ಹಸಿದಿದ್ದರು. ಉಂಡರು. ಕೈ ತೊಳೆಯುವಾಗ ಹಿರಿಯವನು ನಕ್ಕು, “ನಮ್ಮ ಗೂಟಾ ಸುಟ್ಟು ನಮಗ ಉಣಿಸಿದಿ ಬಿಡು ಯವ್ವಾ. ಇನ್ನೊಮ್ಮೆ ಕಲ್ಲ ತರತೀವಿ, ಅವು ಸುಡಂಗಿಲ್ಲ” ಎಂದ. ಅಣಕವಿರಲಿಲ್ಲ ಆ ಮಾತಿನಲ್ಲಿ, ಇದ್ದುದನ್ನು ಇದ್ದಂತೆ ಹೇಳಿದ್ದ. ಮರುವಾರ ಕಲ್ಲು ತಂದರು, ಜೊತೆಗೆ ಪೊಲೀಸರನ್ನೂ.

ಮಾರೆವ್ವ ಹುಟ್ಟಿದ್ದು ಅಳವಂಡಿಯ ಹತ್ತಿರದ ಹಳ್ಳಿಯ ಹೊರಕೇರಿಯಲ್ಲಿ. ಕೊಟ್ಟ ಮನೆಯಲ್ಲಿ ಕೂಸು ಸತ್ತ ಮೇಲೆ ಗಂಡ ಇನ್ನೊಬ್ಬಳನ್ನು ತಂದ. ಇವಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಡೆಯುತ್ತ ನಡೆಯುತ್ತ ಈ ಹಾದಿಗೆ ಬಂದು ನೀರು ಕೇಳಿದ್ದಳು. ಆಗ ಮಠದಲ್ಲಿದ್ದವನು ಯಮನೂರಜ್ಜ. ಹೆಸರು ಕೇಳಿ ಕೆಲವರು ಅವನನ್ನು ಸಾಬರವನೆಂದರೆ ಕೆಲವರು ಕುರುಬರವನೆನ್ನುತ್ತಿದ್ದರು. ಯಾರಾದರೂ ಕೇಳಿದರೆ “ಹಸದವರ ಪೈಕಿ” ಎನ್ನುತ್ತಿದ್ದ. ನೀರು ಕೊಟ್ಟು, ಯಾರ ಮಗಳು ಎಂದು ಕೇಳದೆ, “ರೊಟ್ಟಿ ಬಡಿಯಾಕ ಬರತೈತೇನು?” ಎಂದಿದ್ದ. ಅವತ್ತು ಒಲೆಯ ಮುಂದೆ ಕೂತವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಅವಳ ಕೈಯಲ್ಲಿ ಉಣ್ಣಲಾರೆವೆಂದು ಊರಿನ ಕೆಲವರು ಮಠಕ್ಕೆ ಬರುವುದನ್ನೇ ಬಿಟ್ಟರು. ಅಜ್ಜ ತಲೆಕೆಡಿಸಿಕೊಳ್ಳಲಿಲ್ಲ. ಮುಂದೆ ಅವರ ಮಕ್ಕಳು ಬಂದು ಉಂಡರು.

ಸಾಯುವ ಮುಂಚೆ ಅಜ್ಜ, ತನ್ನನ್ನು ಮಠದೊಳಗೆ ಬೇಡ, ಹೊಲದ ಮೂಡಣ ಮೂಲೆಯಲ್ಲಿ ಕೂರಿಸಿರೆಂದ. “ನಾ ಅಲ್ಲಿ ಕುಂತೆ ಅಂದ್ರ ಹೊಲಾ ಯಾರು ಕೇಳತಾರ? ಸತ್ತವನ್ನ ಎಬ್ಬಸೂ ಸರಕಾರ ಇನ್ನಾ ಬಂದಿಲ್ಲ” ಎಂದು ನಕ್ಕಿದ್ದ. ಓಬಳೆಪ್ಪ ಕುಣಿ ತೋಡಿದ. ಪದ್ಮಾಸನ ಹಾಕಿಸಿ, ಸುತ್ತಲೂ ವಿಭೂತಿ, ಉಪ್ಪು, ಬಿಲ್ವಪತ್ರೆ ತುಂಬಿ ಮಣ್ಣೆಳೆದರು. ಮೇಲೊಂದು ಕಲ್ಲಿನ ಗದ್ದುಗೆ ಕಟ್ಟಿದರು. ಆಮೇಲೆ ಹತ್ತು ಹನ್ನೆರಡು ವರ್ಷ ಮಾರೆವ್ವ ದಿನಾ ಬೆಳಿಗ್ಗೆ ಮೊದಲ ರೊಟ್ಟಿಯನ್ನು ಒಯ್ದು ಅಲ್ಲಿಟ್ಟು, ಅಂದಂದಿನ ಸುದ್ದಿ ಹೇಳಿ ಬರುತ್ತಿದ್ದಳು. ಅಜ್ಜ ಸತ್ತನೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ನೆಲದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದಾನೆ, ಅಷ್ಟೆ.

ಕಲ್ಲು ನೆಟ್ಟ ಮೇಲೆ ಅವಳೂ ಓಬಳೆಪ್ಪನೂ ತಾಲೂಕು ಕಚೇರಿಗೆ ಹೋದರು. ತಹಶೀಲ್ದಾರರು ದುರ್ಗಾದೇವಿ ಎಂಬ ಹೆಣ್ಣುಮಗಳು, ಗಂಗಾವತಿ ಕಡೆಯವರು. ಕುರ್ಚಿ ಹಾಕಿಸಿ ಕೂರಿಸಿದರು. ಮಾರೆವ್ವನಿಗೆ ಕುರ್ಚಿಯಲ್ಲಿ ಕೂತೇ ಗೊತ್ತಿರಲಿಲ್ಲ. ಬೀಳುತ್ತೇನೋ ಎಂಬಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಅಮ್ಮಾ, ಮಠದಾಗ ನೀವು ಏನಾಗಿದ್ದೀರಿ?”

“ಮಠದಾಕೀರಿ.”

“ಹಂಗಲ್ಲ. ಪೀಠಕ್ಕ ಕುಂತವರಾ? ಪೂಜಾರಿನಾ? ಟ್ರಸ್ಟಿನವರಾ?”

“ಅಡಗಿ ಮಾಡತೀನ್ರಿ.”

ಪಕ್ಕದಲ್ಲಿದ್ದ ಗುಮಾಸ್ತ ತುಟಿ ಕಚ್ಚಿ ನಗು ತಡೆದ. ತಹಶೀಲ್ದಾರರು ನಗಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ, ಸಾವಧಾನವಾಗಿ ತಿಳಿಸಿ ಹೇಳಿದರು. ಇನಾಮು ಜಮೀನೆಲ್ಲ ಯಾವ ಕಾಲದಲ್ಲೋ ಸರಕಾರಕ್ಕೆ ಸೇರಿಹೋಗಿದೆ. ಆಗ ಮಠದವರು ಬಂದು ನಮ್ಮದೆಂದು ಅರ್ಜಿ ಹಾಕಿ ಬರೆಸಿಕೊಳ್ಳಬೇಕಿತ್ತು. ಎರೆಗುಂದಿಯಿಂದ ಯಾರೂ ಬರಲಿಲ್ಲ. ಅವತ್ತಿನಿಂದ ಪಹಣಿಯಲ್ಲಿ ಸರಕಾರದ ಹೆಸರೇ ಇದೆ.

“ಹಂಗಾದ್ರ ಇಷ್ಟ ವರ್ಷ ನಾವು ಯಾರ ಹೊಲದ್ದು ಉಂಡ್ವಿರಿ?”

“ಸರಕಾರದ್ದಮ್ಮಾ.”

“ಸರಕಾರ ಒಮ್ಮೆನೂ ಕೇಳಲಿಲ್ಲಲ್ರಿ.”

“ಬೇಕಾಗಿರಲಿಲ್ಲ. ಈಗ ಬೇಕಾಗೈತಿ.”

ಮಾರೆವ್ವ ಆ ಮಾತನ್ನು ಬಾಯೊಳಗೇ ಹೊರಳಾಡಿಸಿದಳು. ಎದ್ದು ನಿಂತಾಗ ತಹಶೀಲ್ದಾರರು ಅವಳನ್ನು ಹಾಗೇ ಕಳಿಸಲು ಮನಸ್ಸಾಗದವರಂತೆ, ದನಿ ತಗ್ಗಿಸಿ ಹೇಳಿದರು:

“ನೋಡ್ರಿ, ಜಮೀನು ಸರಕಾರದ್ದು ನಿಜ. ಆದ್ರ ಗದ್ದಿಗಿ ಸರಕಾರದ್ದಲ್ಲ. ಮಠದವರ ಒಪ್ಪಿಗಿ ಇಲ್ಲದ ಅದನ್ನ ಎತ್ತಾಕ ನಮಗ ಬರಂಗಿಲ್ಲ. ಮಠದ ಪರವಾಗಿ ಮಾತಾಡೂ ಅಧಿಕಾರ ಇರೂ ದೊಡ್ಡವರು ಯಾರಾದ್ರೂ ಬಂದು ತಕರಾರು ಮಾಡಿದ್ರ, ಮ್ಯಾಲಿನವರು ಬ್ಯಾರೆ ಜಾಗ ನೋಡಬಹುದು. ನಿಮ್ಮ ಮಾತು ದಾಖಲಾಗಂಗಿಲ್ಲ. ಯಾರಾದ್ರೂ ಅದಾರೇನು?”

ಬಸ್ಸಿನಲ್ಲಿ ಬರುವಾಗ ಓಬಳೆಪ್ಪನೇ ದೊಡ್ಡಮಠದ ಹೆಸರೆತ್ತಿದ. ಪಟ್ಟಣದಲ್ಲಿ ಅದಕ್ಕೆ ಶಾಲೆ, ಹಾಸ್ಟೆಲು, ಕಲ್ಯಾಣಮಂಟಪ ಎಲ್ಲ ಇದ್ದವು. ಮಂತ್ರಿಗಳು ಬಂದು ಕಾಲಿಗೆ ಬೀಳುವ ಜಾಗ. “ಅವರು ಒಂದು ಮಾತು ಅಂದ್ರ ಮುಗೀತು ಯವ್ವಾ, ಈ ಸಾಹೇಬರೆಲ್ಲಾ ಹೊಳ್ಳಿ ನೋಡದಂಗ ಹೋಗತಾರ.”

ಮಾರೆವ್ವನಿಗೂ ಆಸೆ ಹುಟ್ಟಿತು. ಹೋದರು. ಅರ್ಧ ದಿನ ಸಾಲಿನಲ್ಲಿ ನಿಂತ ಮೇಲೆ ಒಳಗೆ ಬಿಟ್ಟರು. ದೊಡ್ಡಮಠದ ಸ್ವಾಮಿಗಳು ಇನ್ನೂ ಪ್ರಾಯದವರು, ಕಲಿತವರು, ಮೆತ್ತಗಿನ ಮಾತಿನವರು. ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು.

“ಯಮನೂರಜ್ಜರಿಗೆ ಗುರುಗಳು ಯಾರಮ್ಮ?”

“ಅದೇನ ಗೊತ್ತಿಲ್ಲರಿ ಅಪ್ಪಾರ. ನಾ ಸಣ್ಣಾಂವ ಇದ್ದಾಗ ದೊಡ್ಡಮಠದಾಗ ಉಂಡು ಬೆಳದಿದ್ದೆ, ಆಗಿನ ಅಜ್ಜಾರು ತಲಿ ಮ್ಯಾಲೆ ಕೈ ಇಟ್ಟಿದ್ರು ಅಂತ ಹೇಳತಿದ್ದರಿ.”

ಸ್ವಾಮಿಗಳು ಕಣ್ಣು ತೆರೆದರು. “ಹೌದಾ?” ಎಂದರು. “ಹಾಗಾದರೆ ಎರೆಗುಂದಿ ನಮ್ಮದೇ ಆಯಿತಲ್ಲ.”

ಮಾರೆವ್ವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನೆಲಕ್ಕೆ ಹಣೆ ಹಚ್ಚಿ, “ನಿಮ್ಮದರಿ ಅಪ್ಪಾರ, ನಿಮ್ಮದ” ಎಂದಳು. ಹಾಗೆಂದು ಅಲ್ಲಿದ್ದವರ ಮುಂದೆ ಇನ್ನೊಮ್ಮೆ ಹೇಳಲು ಅವರ ಕಾರ್ಯದರ್ಶಿ ಕೇಳಿದಾಗ ಅದನ್ನೂ ಹೇಳಿದಳು. ಪ್ರಸಾದಕ್ಕೆ ಕೂರಿಸಿದರು. ಹೊರಗಿನ ಪಡಸಾಲೆಯಲ್ಲಿ ಬೇರೆ ಪಂಕ್ತಿಯಲ್ಲಿ ಕೂರಿಸಿದ್ದನ್ನು ಓಬಳೆಪ್ಪ ಗಮನಿಸಿದ, ಅವಳು ಗಮನಿಸಲಿಲ್ಲ. ಊರಿಗೆ ಬಂದವಳೇ ಗದ್ದುಗೆಯ ಮುಂದೆ ಕೂತು, “ನಿಮ್ಮ ದೊಡ್ಡಮಠದವರು ಕೈ ಹಿಡದಾರ ಅಜ್ಜಾ, ಇನ್ನ ಹೆದರಬ್ಯಾಡ” ಎಂದು ಹೇಳಿದಳು.

ಕಡಲೆ ಕಿತ್ತು ಒಕ್ಕಣೆಯಾಗುವವರೆಗೆ ಯಾರೂ ಬರಲಿಲ್ಲ. ಗೆದ್ದೆವೆಂದೇ ಊರವರೂ ಮಾತಾಡಿಕೊಂಡರು. ಆಮೇಲೆ ಒಂದು ಮಧ್ಯಾಹ್ನ ತಹಶೀಲ್ದಾರರ ಜೀಪು ಬಂದು ಬೇವಿನ ಮರದ ಕೆಳಗೆ ನಿಂತಿತು. ದುರ್ಗಾದೇವಿ ಇಳಿದು ಚಪ್ಪಲಿ ಬಿಟ್ಟು ಒಳಗೆ ಬಂದರು. ನೀರು ಕುಡಿದರು. ಮೇಲಿನ ಜಂತಿ ನೋಡುತ್ತ ಹೇಳಿದರು:

“ದೊಡ್ಡಮಠದಿಂದ ಒಪ್ಪಿಗಿ ಬಂದೈತಮ್ಮಾ.”

“ಯಾತಕ್ಕರಿ?”

“ಗದ್ದಿಗಿ ಎತ್ತಾಕ, ಮಠದ ಮನಿ ಕೆಡವಾಕ. ಎರೆಗುಂದಿ ಅವರ ಶಾಖಾಮಠ ಅಂತ ಬರದಾರ. ನೀವೂ ಹಂಗ ಹೇಳೀರಂತ, ಸಾಕ್ಷಿ ಅದಾರ. ಅಜ್ಜಾರನ್ನ ತಾವ ಒಯ್ದು ಪಟ್ಟಣದಾಗ ಕುಂದರಸತಾರಂತ. ಅದಕ್ಕ ಬದಲಿ ಅವರಿಗೆ ಕಾಲೇಜಿಗೆ ಜಾಗ ಸಿಗತೈತಿ.”

ಮಾರೆವ್ವ ಖಾಲಿ ತಂಬಿಗೆ ಎತ್ತಿ ಒಲೆಯ ಬದಿಗೆ ಇಟ್ಟಳು. ಕೋಲು ಕೊಟ್ಟು ಹೊಡಿಸಿಕೊಳ್ಳುವುದೆಂದರೆ ಇದೇ ಇರಬೇಕು. ಅವಳು ಆ ಬಾಗಿಲಿಗೆ ಹೋಗದೇ ಇದ್ದಿದ್ದರೆ ಎರೆಗುಂದಿ ಯಾರದ್ದೆಂದು ದೊಡ್ಡಮಠಕ್ಕೆ ಗೊತ್ತೇ ಇರುತ್ತಿರಲಿಲ್ಲ.

“ನೀವ ಹೇಳಿದ್ರಲ್ರಿ, ದೊಡ್ಡವರನ್ನ ಕರಕೊಂಡ ಬಾ ಅಂತ?”

“ಹೇಳಿದ್ದೆ” ಎಂದರು ತಹಶೀಲ್ದಾರರು. “ತಕರಾರು ಮಾಡತಾರ ಅನಕೊಂಡಿದ್ದೆ.” ಹೋಗುವಾಗ ಬಗ್ಗಿ ಮುದುಕಿಯ ಪಾದ ಮುಟ್ಟಿದರು. ಮಾರೆವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು.

ಅವತ್ತಿನಿಂದ ಅವಳು ಗದ್ದುಗೆಯ ಪಕ್ಕದಲ್ಲಿ ಕೂತಳು. ಮೊದಮೊದಲು ಊರ ಹೆಂಗಸರು ಜೊತೆಗೆ ಬಂದು ಕೂತರು, ಓಬಳೆಪ್ಪನ ಹೆಂಡತಿ ದುರಗಮ್ಮ ಎಲ್ಲರಿಗಿಂತ ಮುಂದೆ. ಸರ್ವೆಯ ಕಲ್ಲು ಕಿತ್ತೊಗೆಯುತ್ತೇವೆಂದು ಹುಡುಗರು ಕೂಗಾಡಿದರು. ಅಷ್ಟರಲ್ಲಿ ಗುತ್ತಿಗೆದಾರನ ಕಡೆಯವರು ಊರಿಗೆ ಬಂದು, ಕಾವಲಿಗೆ, ಗೇಟಿಗೆ, ಕೇಬಲ್ ಎಳೆಯಲು ಎರೆಗುಂದಿಯವರನ್ನೇ ತೆಗೆದುಕೊಳ್ಳುತ್ತೇವೆಂದು ಹೆಸರು ಬರೆದುಕೊಂಡು ಹೋದರು. ಕೂಗಾಟ ತಣ್ಣಗಾಯಿತು. ಊರಿನ ಹಿರಿಯ ಕೊಟ್ರಪ್ಪ ಬಂದು ಹೊಲದ ಬದುವಿನ ಆಚೆಯೇ ನಿಂತು ಮಾತಾಡಿದ:

“ಸ್ವಾಮಿಗಳ ಒಪ್ಪಿದ ಮ್ಯಾಲೆ ನಾವು ಯಾರು ಮಾರೆವ್ವಾ? ಅಜ್ಜನ್ನ ಹೊರಗ ಒಗಿಯಾಕತ್ತಿಲ್ಲ, ದೊಡ್ಡ ಜಾಗಕ್ಕ ಒಯ್ಯಾಕತ್ತಾರ. ಅಲ್ಲಿ ದಿನಾ ಸಾವಿರ ಮಂದಿ ಕೈ ಮುಗೀತಾರ.”

“ಅಜ್ಜಗ ಕೈ ಮುಗಸ್ಕೊಳ್ಳೂ ಹುಚ್ಚ ಇರಲಿಲ್ಲ ಕೊಟ್ರಪ್ಪಾ. ಉಣಸೂ ಹುಚ್ಚಿತ್ತು.”

“ಈಗ ಈ ಹಾದ್ಯಾಗ ಹಸದು ಯಾರು ಬರತಾರ? ಎಲ್ಲಾರೂ ಬಸ್ಸಿನಾಗ ಹೋಗತಾರ.”

ಮಾತು ನಿಜವಾಗಿತ್ತು. ಈಚೆಗೆ ಎಷ್ಟೋ ದಿನ ಅವಳು ಬಡಿದ ರೊಟ್ಟಿ ಬುಟ್ಟಿಯಲ್ಲೇ ಒಣಗಿ ಓಬಳೆಪ್ಪನ ಎಮ್ಮೆಗೆ ಹೋಗುತ್ತಿತ್ತು. ಅದನ್ನು ಅವಳು ಗದ್ದುಗೆಯ ಮುಂದೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಓಬಳೆಪ್ಪನ ಮಗನ ಹೆಸರೂ ಕಾವಲಿನ ಪಟ್ಟಿಯಲ್ಲಿದೆ ಎಂಬುದು ಅವಳಿಗೆ ದುರಗಮ್ಮನಿಂದಲೇ ತಿಳಿಯಿತು. ಹೇಳುವಾಗ ದುರಗಮ್ಮ ಅತ್ತಳು. “ಅಳಬ್ಯಾಡ ಬಿಡು” ಎಂದಳು ಮಾರೆವ್ವ. “ಹೊಲಾ ಹೋದ ಮ್ಯಾಲೆ ನೀವೇನು ಮಣ್ಣ ತಿಂತೀರೇನು?” ಮಾತು ಮನಸ್ಸಿನಿಂದಲೇ ಬಂದಿತ್ತು. ಆದರೂ ಅವತ್ತಿನ ನಂತರ ದುರಗಮ್ಮ ತಂದಿಟ್ಟ ಬುತ್ತಿಯನ್ನು ಅವಳು ಬಿಚ್ಚದೆ ಪಕ್ಕಕ್ಕಿಡುತ್ತಿದ್ದಳು.

ಎಬ್ಬಿಸುವ ದಿನ ದೊಡ್ಡಮಠದಿಂದ ಎರಡು ಕಾರು ಬಂದವು, ಹಿಂದೆ ಜೆಸಿಬಿ. ಹೆಣ್ಣು ಪೊಲೀಸರು ಮಾರೆವ್ವನ ಎರಡೂ ತೋಳಿಗೆ ಕೈ ಹಾಕಿ ಎತ್ತಿದರು. ಅವಳು ಒದ್ದಾಡಲಿಲ್ಲ, ಒದ್ದಾಡುವಷ್ಟು ಮೈಯೂ ಇರಲಿಲ್ಲ. ಕೂಸನ್ನೆತ್ತಿದಷ್ಟು ಸುಲಭವಾಗಿ ಎತ್ತಿ ಹತ್ತು ಮಾರು ಆಚೆ ಕೂರಿಸಿದರು. ಸ್ವಾಮಿಗಳು ಮಂತ್ರ ಹೇಳಿದರು. ಜೆಸಿಬಿಯವನು ಎಂಜಿನ್ ಚಾಲೂ ಮಾಡಿದ.

“ನಿಂದ್ರಪಾ” ಎಂದು ಓಬಳೆಪ್ಪ ಗುದ್ದಲಿ ಹಿಡಿದು ಮುಂದೆ ಬಂದ. ಮಾರೆವ್ವನ ಕಡೆ ನೋಡಿ, ನೋಡಲಾರದೆ ನೆಲ ನೋಡುತ್ತ ಹೇಳಿದ: “ಯವ್ವಾ, ನಾ ಅಗೀಲಿಲ್ಲಂದ್ರ ಅದು ಅಗಿತೈತಿ. ಅದಕ್ಕ ಏನು ತಿಳೀತೈತಿ? ಕುಂದರಿಸಿದ ಕೈಲೇ ತೆಗೀತೀನಿ.”

ಅವಳು ತಲೆಯಾಡಿಸಿದಳು.

ಅವನು ಕಲ್ಲುಗಳನ್ನು ಒಂದೊಂದಾಗಿ ಎತ್ತಿಟ್ಟು ಅಗೆಯತೊಡಗಿದ. ಎರೆಮಣ್ಣು ಗಟ್ಟಿಯಾಗಿ ಹೆಪ್ಪುಹೆಪ್ಪಾಗಿ ಬಂತು. ಸೊಂಟದ ಮಟ್ಟಕ್ಕೆ ಹೋದ ಮೇಲೆ ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ಬಳಿದ. ಬೆಳ್ಳಗೆ ಉಪ್ಪು ಕಂಡಿತು. ಮಾರೆವ್ವ ಎದ್ದು ಬಂದಳು, ಈ ಸಲ ಯಾರೂ ತಡೆಯಲಿಲ್ಲ. ಕುಣಿಯ ಅಂಚಿನಲ್ಲಿ ಬಗ್ಗಿ ನೋಡಿದಳು.

ಅಜ್ಜ ಕೂತಿರಲಿಲ್ಲ.

ಕಲ್ಲಿನಂತಾದ ಉಪ್ಪಿನ ಹೆಂಟೆಗಳ ನಡುವೆ ಎಲುಬುಗಳು ಒಂದರ ಮೇಲೊಂದು ಬಿದ್ದಿದ್ದವು, ಒಲೆಯ ಪಕ್ಕ ಸುರಿದ ಸೌದೆಯ ಹಾಗೆ. ತಲೆ ಒಂದು ಕಡೆಗೆ ಉರುಳಿ ಮಣ್ಣು ತುಂಬಿಕೊಂಡಿತ್ತು. ಬೇವಿನ ಬೇರೊಂದು ಅಷ್ಟು ದೂರದಿಂದ ಬಂದು ಪಕ್ಕೆಲುಬಿನೊಳಗೆ ಹೊಕ್ಕು ಹೊರಬಿದ್ದಿತ್ತು. ಇಷ್ಟು ವರ್ಷ ದಿನಾ ಬೆಳಿಗ್ಗೆ ಅವಳು ಸುದ್ದಿ ಹೇಳುತ್ತಿದ್ದುದು ಇದಕ್ಕೇ. ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದಾನೆಂದು ಅವಳು ಅಂದುಕೊಂಡಿದ್ದಾಗಲೂ ಇದು ಹೀಗೇ ಬಿದ್ದುಕೊಂಡಿತ್ತು. ಅವಳಿಗೆ ಅಳು ಬರಲಿಲ್ಲ. ಹೊಲ ಹೋಯಿತೆಂದು ಎದೆಯಲ್ಲಿ ಉರಿಯುತ್ತಿದ್ದುದು ಕೂಡ ಆ ಕ್ಷಣಕ್ಕೆ ಆರಿಹೋಯಿತು. ಯಾರನ್ನು ಕಾಯುತ್ತಿದ್ದೆನೋ ಅವನೇ ಇಲ್ಲಿರಲಿಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ತಿರುಗಿತು.

ಓಬಳೆಪ್ಪ ಕುಣಿಯಿಂದ ಮುಖ ಎತ್ತಿ, “ಯವ್ವಾ, ನೋಡಬ್ಯಾಡ, ಆಚೆ ಹೋಗು” ಎಂದ.

“ಬೇರು ಕೊಯ್ದು ತೆಗಿ. ಜಗ್ಗಬ್ಯಾಡ” ಎಂದಳು ಅವಳು.

ಎಲುಬನ್ನೆಲ್ಲ ತಾಮ್ರದ ಹಂಡೆಗೆ ತುಂಬಿ, ಕೆಂಪು ರೇಷ್ಮೆ ಮುಚ್ಚಿ, ಹೂಮಾಲೆ ಹಾಕಿ ಕಾರಿನಲ್ಲಿಟ್ಟರು. ಸ್ವಾಮಿಗಳು ಹೋಗುವ ಮುಂಚೆ ಅವಳ ಹತ್ತಿರ ಬಂದು, “ನೀವು ನಮ್ಮ ಮಠಕ್ಕೆ ಬಂದುಬಿಡಿ ತಾಯಿ. ಪಾತ್ರೆ ತೊಳೆಯುವ ಕಡೆ ಜನ ಬೇಕಾಗಿದ್ದಾರೆ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರೆಂದು ಎಲ್ಲರೂ ತಿಳಿದರು. ಮಾರೆವ್ವ ಕೈ ಮುಗಿದಳು, ಹೋಗಲಿಲ್ಲ. ಕಾರುಗಳು ಹಾದಿಗೆ ಹತ್ತುವ ಮೊದಲೇ ಜೆಸಿಬಿ ಅಡುಗೆಮನೆಯ ಗೋಡೆಗೆ ಬಾಯಿ ಹಾಕಿತು. ಮಣ್ಣಿನ ಗೋಡೆ, ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅವಳು ಓಬಳೆಪ್ಪನ ಮನೆಯ ಪಡಸಾಲೆಯಲ್ಲಿ ಉಳಿದಳು. ಹೊಲದ ಸುತ್ತ ತಂತಿಬೇಲಿ, ಬೇಲಿಯೊಳಗೆ ಜಲ್ಲಿಕಲ್ಲು, ಅದರ ಮೇಲೆ ಗುಂಯ್ ಎನ್ನುವ ಯಂತ್ರಗಳು ಬಂದವು. ಓಬಳೆಪ್ಪನ ಮಗ ಖಾಕಿ ಅಂಗಿ ತೊಟ್ಟು ಗೇಟಿನಲ್ಲಿ ನಿಂತ. ಮನೆಯಲ್ಲಿ ರೊಟ್ಟಿ ಬಡಿಯಲು ದುರಗಮ್ಮ ಅವಳಿಗೆ ಬಿಡುತ್ತಿರಲಿಲ್ಲ: “ಭಾಳ ಮಾಡೀದಿ ಯವ್ವಾ, ಇನ್ನರ ಸುಮ್ಮನ ಕುಂದರು.” ಸುಮ್ಮನೆ ಕೂರುವುದು ಹೇಗೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಅಜ್ಜನ ಪುಣ್ಯತಿಥಿಗೆ ದುರಗಮ್ಮನ ಒತ್ತಾಯಕ್ಕೆ ಒಮ್ಮೆ ಪಟ್ಟಣಕ್ಕೆ ಹೋಗಿಬಂದಳು. ದೊಡ್ಡಮಠದ ಅಂಗಳದ ಮೂಲೆಯಲ್ಲಿ ಹೊಳೆಯುವ ಕರಿಕಲ್ಲಿನ ಗದ್ದುಗೆ, ಸುತ್ತಲೂ ಸ್ಟೀಲಿನ ಕಂಬಿ. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಕಂಬಿಯೊಳಗೆ ಕೈ ಹಾಕಿ ಇಡಲು ನೋಡಿದಾಗ, “ಒಳಗ ಏನೂ ಇಡಬಾರದ್ರಿ, ಇರಿವಿ ಹತ್ತತಾವು. ಮುಂದ ನಡೀರಿ” ಎಂದ ಅಲ್ಲಿದ್ದವನು. ಏನಾದರೂ ಹೇಳಬೇಕೆಂದು ನಿಂತಳು. ಹೇಳಲು ಏನೂ ಹೊಳೆಯಲಿಲ್ಲ. ಹಿಂದಿನವರು ದೂಡಿದರು, ಮುಂದೆ ಹೋದಳು. ಬಸ್ ನಿಲ್ದಾಣದಲ್ಲಿ ರೊಟ್ಟಿಯನ್ನು ತಾನೇ ಮುರಿದು ತಿಂದಳು.

ಮನೆಗೆ ಬಂದಾಗ ದುರಗಮ್ಮ ಕೇಳಿದಳು, “ಅಜ್ಜನ್ನ ಕಂಡ್ಯಾ ಯವ್ವಾ?”

“ಕಲ್ಲ ಛಲೋ ಹಾಕ್ಯಾರ” ಎಂದಳು ಮಾರೆವ್ವ.

ಮರುದಿನ ದುರಗಮ್ಮ ಊರಾಚೆಯ ಯಾರದೋ ಹತ್ತಿಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಹೊರಟಾಗ, ಮಾರೆವ್ವನೂ ಒಂದು ಕುರುಪಿ ಕೇಳಿ ಇಸಿದುಕೊಂಡು ಅವಳ ಹಿಂದೆ ನಡೆದಳು. ಹೊಲದವನು ಅವಳ ವಯಸ್ಸು ನೋಡಿ ಬೇಡವೆಂದ. ದುರಗಮ್ಮ ಬೇಡಿಕೊಂಡ ಮೇಲೆ, ಅರ್ಧ ಕೂಲಿಗಾದರೆ ಬರಲಿ ಎಂದ. ಅವಳು ಸಾಲಿಗೆ ಕೂತಳು.